ಕಾಲುವೆ ದಂಡೆಯ ಹಳೇ ಕಾಮಿಕ್ಸ್ ಮೇಜು, ಕಥೆ ಲೆಕ್ಕದಲ್ಲಿ ಮಾರುವ ಅಜ್ಜ

ಮೊದಲೇ ಹೇಳಿಬಿಡುತ್ತೇನೆ, ಇದು ಅಂಗಡಿ ಅನ್ನುವಂಥ ಅಂಗಡಿಯೇನಲ್ಲ. ಎರಡು ಮಡಚುವ ಮೇಜು, ಒಂದು ದೊಡ್ಡ ಛತ್ರಿ, ಕೆಳಗೆ ಹದಿನೈದಿಪ್ಪತ್ತು ಹಣ್ಣಿನ ಕ್ರೇಟು, ಕ್ರೇಟಿನ ತುಂಬ ಹಳೇ ಕಾಮಿಕ್ಸ್. ಮಿಲಾನ್‌ನ ನವಿಲ್ಯೊ ಗ್ರಾಂದೆ ಕಾಲುವೆ ದಂಡೆಯಲ್ಲಿ ತಿಂಗಳ ಕೊನೆಯ ಭಾನುವಾರ ಹಳೇ ಸಾಮಾನಿನ ಸಂತೆ ಸೇರುತ್ತದಲ್ಲ, ಅಲ್ಲಿ. ಬೋರ್ಡಿಲ್ಲ, ಹೆಸರಿಲ್ಲ, ಮ್ಯಾಪಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಹಾಗಾಗಿ ಸ್ಟಾರ್ ಕೊಡುವುದಕ್ಕೂ ಜಾಗ ಇಲ್ಲ. ನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ, ಒಂದು ರಿವ್ಯೂ ಆದರೂ ಬರೆಯದಿದ್ದರೆ ಹೇಗೆ ಅನ್ನಿಸಿತು.

ನಾನು ಇಟಾಲಿಯನ್ ಕಲಿತಿದ್ದು ಟೆಕ್ಸ್ ಅನ್ನುವ ಕೌಬಾಯ್ ಕಾಮಿಕ್ಸ್ ಓದಿ. ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಸಂಜೆ ಕ್ಲಾಸಿಗೆ ಸೇರಿದ್ದೆ, ಅಲ್ಲಿ ಕ್ರಿಯಾಪದದ ಪಟ್ಟಿ ನೋಡಿ ನೋಡಿ ತಲೆ ಕೆಟ್ಟಿತ್ತು. ಆಫೀಸಿನಲ್ಲಿ ಪಕ್ಕದ ಸೀಟಿನವನು ಅವನ ಅಪ್ಪನ ಹಳೇ ಟೆಕ್ಸ್ ಮೂರು ತಂದುಕೊಟ್ಟ. ಚಿತ್ರ ಇರುತ್ತದೆ, ಮಾತು ಚಿಕ್ಕದು, ಅರ್ಥ ಆಗದಿದ್ದರೂ ಯಾರು ಯಾರಿಗೆ ಗುಂಡು ಹೊಡೆದರು ಅನ್ನುವುದಂತೂ ತಿಳಿಯುತ್ತದೆ. ಆದರೆ ನನ್ನ ಇಟಾಲಿಯನ್ ಕೌಬಾಯ್ ಇಟಾಲಿಯನ್ ಆಗಿಹೋಯಿತು. ಟೆಕ್ಸ್ ತನ್ನ ಗೆಳೆಯ ಕಿಟ್ ಕಾರ್ಸನ್‌ನನ್ನು ಸಲಿಗೆಯಿಂದ 'ವೆಕ್ಕಿಯೊ ಕಮ್ಮೆಲ್ಲೊ' ಅನ್ನುತ್ತಾನೆ, ಹಳೇ ಒಂಟೆ ಅಂತ. ನಾನೂ ಒಂದು ದಿನ ಮೀಟಿಂಗಿನಲ್ಲಿ ಮ್ಯಾನೇಜರಿಗೆ ಹಾಗೇ ಅಂದೆ. ಪುಣ್ಯಕ್ಕೆ ಅವರೂ ಟೆಕ್ಸ್ ಓದಿ ಬೆಳೆದವರು.

ಟೆಕ್ಸ್ ವಿಲ್ಲರ್ ಯಾರೆಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಪಶ್ಚಿಮದ ಕಥೆ, ಹುಟ್ಟಿದ್ದು ಮಾತ್ರ ಇಟಲಿಯಲ್ಲಿ. ಹಳದಿ ಅಂಗಿಯ ರೇಂಜರ್, ಅಂದರೆ ಅಲ್ಲಿನ ಪೊಲೀಸು. ಜೊತೆಗೆ ನವಾಹೊ ಬುಡಕಟ್ಟಿನ ಮುಖಂಡ, ಅಲ್ಲಿ ಅವನ ಹೆಸರು 'ರಾತ್ರಿಯ ಹದ್ದು'. ಊರಿಗೆ ಬಂದರೆ ಮೂರು ಬೆರಳು ದಪ್ಪದ ಸ್ಟೇಕು, ಗುಡ್ಡದಷ್ಟು ಆಲೂ ಫ್ರೈ ಬೇಕೇ ಬೇಕು. 1948ರ ಸೆಪ್ಟೆಂಬರ್ 30ಕ್ಕೆ ಮೊದಲ ಸಂಚಿಕೆ ಬಂತು. ಕಥೆ ಜಾನ್ ಲುಯಿಜಿ ಬೊನೆಲ್ಲಿ, ಚಿತ್ರ ಔರೇಲಿಯೊ ಗಲ್ಲೆಪ್ಪಿನಿ. ಎಲ್ಲರೂ ಅವರನ್ನು ಗಾಲೆಪ್ ಅಂತಲೇ ಕರೆಯುವುದು. ಆಗ ಅದು ಚೆಕ್ ಬುಕ್ಕಿನ ಆಕಾರದಲ್ಲಿ ಬರುತ್ತಿತ್ತು, 32 ಪುಟ, 15 ಲೀರಾ. ತಮಾಷೆ ಏನಪ್ಪಾ ಅಂದರೆ ಪ್ರಕಾಶಕರು ನಂಬಿಕೊಂಡಿದ್ದು ಟೆಕ್ಸನ್ನಲ್ಲ, ಗಾಲೆಪ್ ಅದೇ ಹೊತ್ತಿಗೆ ಬಿಡಿಸುತ್ತಿದ್ದ 'ಓಕ್ಕಿಯೊ ಕೂಪೊ' ಅನ್ನುವ ಇನ್ನೊಂದು ಸಾಹಸ ಕಥೆಯನ್ನು. ಹಗಲೆಲ್ಲ ಅದು, ರಾತ್ರಿ ಉಳಿದ ಹೊತ್ತಿನಲ್ಲಿ ಟೆಕ್ಸ್. ಹಗಲಿನದು ಬೇಗ ನಿಂತುಹೋಯಿತು. ರಾತ್ರಿಯದು ಇವತ್ತಿಗೂ ತಿಂಗಳು ತಿಂಗಳು ಬರುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಹಳೇ ಟೆಕ್ಸ್ ಕೊಳ್ಳುವವರಿಗೆ ಒಂದು ದೊಡ್ಡ ತಲೆನೋವಿದೆ. ಇದರ ಕಥೆಗಳು ಒಂದು ಸಂಚಿಕೆಯಲ್ಲಿ ಶುರುವಾಗಿ ಅದೇ ಸಂಚಿಕೆಯಲ್ಲಿ ಮುಗಿಯುವುದಿಲ್ಲ. ಎಲ್ಲೋ 70ನೇ ಪುಟದ ಹತ್ತಿರ ಹೊಸ ಕಥೆ ಶುರುವಾಗುತ್ತದೆ, ಮುಂದಿನ ಸಂಚಿಕೆ ಪೂರ್ತಿ ಅದೇ, ಅದರ ಮುಂದಿನ ಸಂಚಿಕೆಯ ನಡುವೆ ಎಲ್ಲೋ ಮುಗಿಯುತ್ತದೆ, ಮಾರನೇ ಪುಟದಿಂದ ಇನ್ನೊಂದು. ಹೊಸದಾಗಿ ತಿಂಗಳಿಗೊಂದು ಕೊಳ್ಳುವವನಿಗೆ ಇದು ಗಾಳ. ಹಳೇ ಪುಸ್ತಕದ ರಾಶಿಯಿಂದ ಒಂದೊಂದೇ ಆರಿಸುವವನಿಗೆ ಶಿಕ್ಷೆ. ನಾನು ಶುರುವಿನಲ್ಲಿ ಆನ್‌ಲೈನ್‌ನಲ್ಲಿ ಯಾರೋ ಮಾರುತ್ತಿದ್ದ 40 ಸಂಚಿಕೆಗಳ 'ಪೂರ್ತಿ ಸೆಟ್' ತರಿಸಿದ್ದೆ. ಬಂದ ಮೇಲೆ ನೋಡಿದರೆ ನಂಬರುಗಳು ಕಪ್ಪೆ ಹಾರಿದ ಹಾಗೆ ಹಾರಿವೆ. ಟೆಕ್ಸನ್ನು ಕಂಬಕ್ಕೆ ಕಟ್ಟಿಹಾಕಿದ್ದಾರೆ, ಸುತ್ತ ಬೆಂಕಿ ಹಚ್ಚುತ್ತಿದ್ದಾರೆ, ಮುಂದಿನ ಸಂಚಿಕೆ ಇಲ್ಲ. ಮಾರಿದವರಿಗೆ ಬರೆದೆ. 40 ಎಂದು ಹೇಳಿದ್ದೆವು, 40 ಕಳಿಸಿದ್ದೇವೆ ಅಂತ ಉತ್ತರ ಬಂತು. ಲೆಕ್ಕ ಸರಿಯಾಗೇ ಇದೆ, ಏನು ಹೇಳುವುದು!

ಈ ಅಜ್ಜ ಮಾರುವುದು ನಂಬರಿನ ಲೆಕ್ಕದಲ್ಲಲ್ಲ, ಕಥೆಯ ಲೆಕ್ಕದಲ್ಲಿ. ಒಂದು ಕಥೆಗೆ ಎಷ್ಟು ಸಂಚಿಕೆ ಬೇಕೋ ಅಷ್ಟನ್ನು ಒಟ್ಟಿಗೆ ಇಟ್ಟು ಬಿಳಿ ದಾರದಲ್ಲಿ ಕಟ್ಟಿರುತ್ತಾನೆ, ಇಲ್ಲಿನ ಬೇಕರಿಯಲ್ಲಿ ಸಿಹಿ ಪೊಟ್ಟಣಕ್ಕೆ ಸುತ್ತುತ್ತಾರಲ್ಲ ಅಂಥ ದಾರ, ಮೇಲೆ ಒಂದೆಳೆ ಹೂಗಂಟು. ಗಂಟಿನ ಕೆಳಗೆ ಒಂದು ಚೀಟಿ. ಚೀಟಿ ಅಂದರೆ ಸೂಪರ್ ಮಾರ್ಕೆಟ್ ಬಿಲ್ಲನ್ನು ಹರಿದು ಮಾಡಿದ್ದು. ಹಿಂದೆ ಪೆನ್ಸಿಲ್‌ನಲ್ಲಿ ಎರಡು ಸಂಖ್ಯೆ: ಮೊದಲ ಪುಸ್ತಕದ ಯಾವ ಪುಟದಿಂದ, ಕೊನೆಯ ಪುಸ್ತಕದ ಯಾವ ಪುಟದವರೆಗೆ. ಅಷ್ಟೇ. ಅದರ ಕೆಳಗೆ ಕೆಲವು ಕಡೆ ಚಿತ್ರಗಾರರ ಹೆಸರು, ತೀರಾ ಇಷ್ಟವಾದರೆ ಒಂದು ಆಶ್ಚರ್ಯಚಿಹ್ನೆ. ಎರಡು ಕಥೆಗೆ ಒಂದೇ ಸಂಚಿಕೆ ಬೇಕಾದರೆ ಅದೇ ಸಂಚಿಕೆಯ ಇನ್ನೊಂದು ಪ್ರತಿ ಹುಡುಕಿ ತಂದು ಎರಡು ಕಟ್ಟು ಮಾಡುತ್ತಾನೆ. ಎಷ್ಟು ಕೆಲಸ ಅಲ್ವಾ? ಬೆಲೆ ಕೇಳಿದರೆ ಪುಸ್ತಕಕ್ಕೆ ಒಂದು ಯೂರೊ, ದಾರ ಪುಕ್ಕಟೆ.

ಎದುರಿನ ಸಾಲಿನಲ್ಲಿ ಇನ್ನೊಬ್ಬರ ಮೇಜಿದೆ. ಅಲ್ಲಿ ಎಲ್ಲವೂ ಪ್ಲಾಸ್ಟಿಕ್ ಚೀಲದಲ್ಲಿ, ಮುಟ್ಟುವ ಹಾಗಿಲ್ಲ, 1948ರ ಆ ಚೆಕ್ ಬುಕ್ ಪುಸ್ತಕಗಳೂ ಇವೆ. ದೂರದಿಂದ ನೋಡಿ ಕೈ ಮುಗಿದು ಬರಬೇಕು. ಒಮ್ಮೆ ನಾನು ನಮ್ಮ ಅಜ್ಜನ ಹತ್ತಿರ ಪಟ್ಟಿ ಹಿಡಿದು ಇಂಥಿಂಥ ನಂಬರ್ ಇದೆಯಾ ಅಂತ ಕೇಳಿದೆ. ನಂಬರ್ ಬೇಕಾದರೆ ಆ ಕಡೆ ಹೋಗು ಅಂತ ಗಲ್ಲದಲ್ಲೇ ತೋರಿಸಿದ.

ಗಾಲೆಪ್ 400ನೇ ಸಂಚಿಕೆವರೆಗೂ ಮಾಸಪತ್ರಿಕೆಯ ಕವರ್ ಬಿಡಿಸಿದರು. 1994ರಲ್ಲಿ ತೀರಿಕೊಂಡರು. ಆ ಕೊನೆಯ ಕವರ್‌ನಲ್ಲಿ ಟೆಕ್ಸ್ ಕುದುರೆ ಮೇಲಿಂದ ಓದುಗರಿಗೆ ಹೋಗಿಬರುತ್ತೇನೆ ಅನ್ನುವ ಹಾಗೆ ಕಾಣುತ್ತಾನೆ. ಮಾಮೂಲು ಸಂಚಿಕೆ ಒಳಗೆ ಕಪ್ಪು ಬಿಳುಪು, ನೂರು, ಇನ್ನೂರು, ಹೀಗೆ ನೂರರ ಸಂಚಿಕೆಗಳು ಬಣ್ಣದವು, ಹಾಗಾಗಿ 400 ಪೂರ್ತಿ ಬಣ್ಣ. ಇದಕ್ಕೆ ಜಾಸ್ತಿ ಕೇಳುತ್ತಾನೆ ಅಂದುಕೊಂಡಿದ್ದೆ. ಅದಕ್ಕೂ ಒಂದೇ ಯೂರೊ. ಮುಂದಿನ ಸಂಚಿಕೆಯಿಂದ ಕವರ್ ಕ್ಲಾವ್ದಿಯೊ ವಿಲ್ಲಾ ಅವರದು.

ಆದರೆ ನಾನು ಈ ಮೇಜಿಗೆ ಮಾರುಹೋಗಿದ್ದು ಟೆಕ್ಸೋನೆಯಿಂದ. ಟೆಕ್ಸೋನೆ ಅಂದರೆ ದೊಡ್ಡ ಟೆಕ್ಸ್. 1988ರಲ್ಲಿ ಶುರುವಾದ ದೊಡ್ಡ ಗಾತ್ರದ ವಿಶೇಷ ಸಂಚಿಕೆ, ಒಂದರಲ್ಲೇ ಪೂರ್ತಿ ಕಥೆ, ಪ್ರತಿ ಸಲ ಬೇರೆ ದೊಡ್ಡ ಕಲಾವಿದರಿಂದ. ಇದಕ್ಕೆ ದಾರ ಬೇಕಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಅಜ್ಜ ಮ್ಯಾಗ್ನುಸ್ ಬಿಡಿಸಿದ್ದನ್ನು ತೆಗೆದು ಮೇಜಿನ ಮೇಲಿಟ್ಟು, ಕೈಗವಸು ತೆಗೆ ಅಂದ. ಮ್ಯಾಗ್ನುಸ್ ಅಂದರೆ ಬೊಲೊನ್ಯದ ರೊಬೆರ್ತೊ ರವಿಯೊಲಾ, 1969ರಲ್ಲಿ ಕಥೆಗಾರ ಮ್ಯಾಕ್ಸ್ ಬಂಕರ್ ಜೊತೆ ಆಲನ್ ಫೋರ್ಡ್ ಅನ್ನುವ ನಗೆ ಕಾಮಿಕ್ಸ್ ಹುಟ್ಟಿಸಿದವರು. ಅಲ್ಲಿ ಅವರದು ವೇಗದ ಕೈ, ಮೂಗು ಗಲ್ಲ ಎಲ್ಲ ಉಬ್ಬಿಸಿ ನಗಿಸುವ ಗೆರೆ. ಈ ಟೆಕ್ಸ್‌ಗೆ ಮಾತ್ರ ಅವರು ಏಳು ವರ್ಷ ತೆಗೆದುಕೊಂಡರು. 224 ಪುಟ. ಪುಸ್ತಕ ಅಚ್ಚಾಗಿ ಬಂದಿದ್ದು 1996ರಲ್ಲಿ, ಅದೇ ವರ್ಷ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ.

ಪುಟ ತೆಗೆದರೆ ಮೊದಲು ಕಾಣುವುದು ಟೆಕ್ಸ್ ಅಲ್ಲ, ಮರ. ಮರದಲ್ಲಿ ಎಲೆ ಎಲೆಯಾಗಿ ಬಿಡಿಸಿದ್ದಾರೆ, ಒಂದರ ಮೇಲೊಂದು ಬಿದ್ದಿರುವುದೂ ಕಾಣುತ್ತದೆ. ಗೋಡೆ ಇದ್ದರೆ ಒಂದೊಂದು ಕಲ್ಲು, ಹಲಗೆ ಇದ್ದರೆ ಅದರ ನಾರು. ಬೂದು ಬಣ್ಣ ಇಲ್ಲವೇ ಇಲ್ಲ, ಕಪ್ಪು, ಬಿಳಿ, ನಡುವೆ ಕೂದಲಿನಷ್ಟು ತೆಳ್ಳಗಿನ ಗೆರೆ. ನಾನು ಕನ್ನಡಕ ಹಣೆಗೇರಿಸಿ ಕಣ್ಣಿಗೆ ಅಂಟಿಸಿಕೊಂಡು ನೋಡುತ್ತಿದ್ದೆ. ಅಜ್ಜ ಹಿಂದಿನಿಂದ, ಓದು, ಓದು, ಎಲೆ ಎಣಿಸಬೇಡ ಅಂದ. ಹತ್ತು ನಿಮಿಷ ನಿಂತೇ ಇದ್ದೆ, ಯಾರೂ ಏನೂ ಅನ್ನಲಿಲ್ಲ. ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ, ಬೈಯಬೇಡಿ: ಕಥೆ ಸುಮಾರಾಗಿದೆ, ಇದನ್ನು ಬರೆದ ಕ್ಲಾವ್ದಿಯೊ ನಿತ್ಸಿಯೇ ಬೇರೆ ಕಡೆ ಇದಕ್ಕಿಂತ ಚೆನ್ನಾಗಿ ಬರೆದಿದ್ದಾರೆ. ಕೆಲವು ಕಡೆ ಚಿತ್ರ ಎಷ್ಟು ಚೊಕ್ಕಟ ಅಂದರೆ ಕುದುರೆ ಓಡುವುದೇ ಇಲ್ಲ, ಫೋಟೋಗೆ ನಿಂತ ಹಾಗಿದೆ. ಆದರೂ ಎಂಟು ಯೂರೊ ಕೊಟ್ಟು ತಂದೆ, ವರ್ಷಕ್ಕೆ ಎರಡು ಸಲವಾದರೂ ತೆಗೆದು ನೋಡುತ್ತೇನೆ.

ಬೇರೆ ಏನೇನು ಸಿಗುತ್ತದೆ? ಡಿಯಾಬೊಲಿಕ್ ಒಂದು ಕ್ರೇಟು ಪೂರ್ತಿ ಇದೆ. ಅದು ಅಂಗೈ ಅಗಲದ ಪುಸ್ತಕ. ಮಿಲಾನ್‌ನ ಆಂಜೆಲಾ ಮತ್ತು ಲುಚಾನಾ ಜುಸ್ಸಾನಿ ಅನ್ನುವ ಅಕ್ಕತಂಗಿ 1962ರ ನವೆಂಬರ್‌ನಲ್ಲಿ ಶುರು ಮಾಡಿದ್ದು, ದಿನಾ ರೈಲಿನಲ್ಲಿ ಕೆಲಸಕ್ಕೆ ಓಡಾಡುವವರ ಜೇಬಿಗೆ ಹಿಡಿಸಲಿ ಅಂತಲೇ ಆ ಅಳತೆ. ನಾನೂ ಅದನ್ನು ಮೆಟ್ರೊದಲ್ಲೇ ಓದುವುದು, ಇವತ್ತಿಗೂ ಜಾಕೆಟ್ ಜೇಬಿಗೆ ಸರಿಯಾಗಿ ಕೂರುತ್ತದೆ. ಮೊದಲ ಸಂಚಿಕೆಯ ಚಿತ್ರಗಾರ ಆಂಜೆಲೊ ಜಾರ್ಕೊನೆ ಪುಟಗಳನ್ನು ಕೊಟ್ಟು ಹೋದವರು ನಾಪತ್ತೆ. ಅಕ್ಕತಂಗಿ ಖಾಸಗಿ ಪತ್ತೇದಾರನನ್ನೇ ಹಚ್ಚಿದರೂ ವರ್ಷಗಟ್ಟಲೆ ಸುಳಿವು ಸಿಗಲಿಲ್ಲ. ಮುಖವಾಡದ ಕಳ್ಳನ ಕಥೆಗೆ ಇದಕ್ಕಿಂತ ಒಳ್ಳೆ ಶುರು ಬೇಕಾ!

ಝಾಗೋರ್ ಕೂಡ ಇದೆ, ಬೊನೆಲ್ಲಿಯ ಮಗ ಸೆರ್ಜೊ, ಅಪ್ಪನ ಹೆಸರಿನ ಜೊತೆ ಗೊಂದಲ ಬೇಡ ಅಂತ ಗ್ವೀದೊ ನೊಲಿತ್ತ ಅನ್ನುವ ಹೆಸರಿನಲ್ಲಿ ಬರೆದದ್ದು. ಚಿತ್ರ ಗಲ್ಲಿಯೆನೊ ಫೆರ್ರಿ. 1961ರಿಂದ 2016ರಲ್ಲಿ ಸಾಯುವವರೆಗೂ ಕವರ್‌ಗಳನ್ನು ಅವರೇ ಬಿಡಿಸಿದರು. ನಗೆ ಚಿತ್ರಗಾರ ಯಾಕೊವಿತ್ತಿಯ ಪುಸ್ತಕ ಸಿಕ್ಕರೆ ಬಿಡಬೇಡಿ. ಅವರ ಕೌಬಾಯ್ ಕೊಕ್ಕೊ ಬಿಲ್ ಸಲೂನಿಗೆ ಹೋಗಿ ಕೇಳುವುದು ವಿಸ್ಕಿಯಲ್ಲ, ಕ್ಯಾಮೊಮೈಲ್ ಚಹಾ. ಚಿತ್ರದ ಮೂಲೆ ಮೂಲೆಯಲ್ಲಿ ಸುಮ್ನೆ ಒಂದು ಸಲಾಮಿ ತುಂಡೋ ಮೀನಿನ ಮುಳ್ಳೋ ಬಿದ್ದಿರುತ್ತದೆ.

ಈಗ ದೂರುಗಳು. ಒಂದು, ಡಿಲನ್ ಡಾಗ್ ಅನ್ನುವ ಭಯಾನಕ ಕಥೆಗಳ ಕಾಮಿಕ್ಸಿನ ಬೆಲೆ. 1986ರ ಮೊದಲ ಮುದ್ರಣಗಳಿಗೆ ಜಾಸ್ತಿ ಕೇಳಲಿ, ಒಪ್ಪೋಣ, ಆದರೆ ಮರುಮುದ್ರಣಗಳಿಗೂ ಮೂರು ಯೂರೊ ಅನ್ನುತ್ತಾನೆ, ಅದು ಅನ್ಯಾಯ. ಕವರ್ ಮೇಲೆ ಮರುಮುದ್ರಣ ಅಂತ ಇದೆಯಾ ನೋಡಿಯೇ ದುಡ್ಡು ತೆಗೆಯಿರಿ. ಎರಡು, ವಾಸನೆ. ಮನೆಯ ನೆಲಮಾಳಿಗೆಯಲ್ಲಿ ಇಡುತ್ತಾನಂತೆ, ಕೆಳಗಿನ ಕ್ರೇಟುಗಳಿಗೆ ತೇವ ಹತ್ತಿದೆ. ನಾನು ತಂದ ಮೇಲೆ ಎರಡು ದಿನ ಬಾಲ್ಕನಿಯಲ್ಲಿ ಬಿಸಿಲಿಗಿಡುತ್ತೇನೆ, ಹೆಂಡತಿ ಹಪ್ಪಳವಾ ಅಂತ ಕೇಳುತ್ತಾಳೆ. ಮೂರು, ಸಿಗರೇಟು. ಇಲ್ಲಿ ಕಾಮಿಕ್ಸಿಗೆ ಫುಮೆತ್ತಿ ಅನ್ನುತ್ತಾರೆ, ಸಣ್ಣ ಹೊಗೆ ಅಂತ, ಮಾತಿನ ಗುಳ್ಳೆ ಬಾಯಿಂದ ಬಿಟ್ಟ ಹೊಗೆಯ ಹಾಗೆ ಕಾಣುತ್ತದೆ ಅಂತ ಬಂದ ಹೆಸರು. ಅಜ್ಜ ಬಿಡುವುದು ನಿಜವಾದ ಹೊಗೆ, ಅದೂ ನಮ್ಮ ಮುಖಕ್ಕೇ. ಕಾರ್ಡು ತೆಗೆದುಕೊಳ್ಳುವುದಿಲ್ಲ, ಐವತ್ತರ ನೋಟು ತೋರಿಸಿದರೆ ಅವಮಾನ ಮಾಡಿದ ಹಾಗೆ ನೋಡುತ್ತಾನೆ.

ಹೋಗುವವರು ಮೆಟ್ರೊದ ಹಸಿರು ಲೈನಿನಲ್ಲಿ ಪೋರ್ತ ಜೆನೊವಾದಲ್ಲಿ ಇಳಿಯಿರಿ, ಹತ್ತು ಗಂಟೆಯೊಳಗೆ. ಆಮೇಲೆ ಬರೀ ಸೆಲ್ಫಿ ಜನ. ಅವೆನ್ಯೂ ರೋಡಿನ ಹಾಗೆ ಚೌಕಾಸಿ ಮಾಡಲು ಹೋಗಬೇಡಿ. ಒಂದು ಯೂರೊದಲ್ಲಿ ಏನು ಕಮ್ಮಿ ಮಾಡುವುದು? ಮಳೆ ಬಂದರೆ ಅವನು ಬರುವುದೇ ಇಲ್ಲ.

ಕಳೆದ ವರ್ಷ ತಮಿಳುನಾಡಿನ ಗೆಳೆಯನೊಬ್ಬನನ್ನು ಕರೆದುಕೊಂಡು ಹೋಗಿದ್ದೆ. ಇಟಾಲಿಯನ್ ಕಾಮಿಕ್ಸ್ ಇವನಿಗೇನು ಗೊತ್ತು ಅಂದುಕೊಂಡರೆ, ಹಳದಿ ಅಂಗಿ ಕಂಡ ಕೂಡಲೇ ಟೆಕ್ಸ್ ವಿಲ್ಲರ್ ಅಂತ ಕೂಗಿದ. ಶಿವಕಾಶಿಯ ಲಯನ್ ಕಾಮಿಕ್ಸ್ 1980ರ ದಶಕದಿಂದಲೇ ಟೆಕ್ಸನ್ನು ತಮಿಳಿನಲ್ಲಿ ತರುತ್ತಿದೆಯಂತೆ, ಇವನು ಮೂರನೇ ಕ್ಲಾಸಿನಲ್ಲೇ ಓದಿದ್ದನಂತೆ. ನಮಗೆ ಬಾಲಮಂಗಳದ ಡಿಂಗ ಇದ್ದ, ದೂರೇನಿಲ್ಲ, ಆದರೂ ಹೊಟ್ಟೆ ಉರಿಯಿತು. ಅಜ್ಜನಿಗೆ ಹೇಳಿದಾಗ ನಂಬಲಿಲ್ಲ. ಗೆಳೆಯ ಫೋನಿನಲ್ಲಿ ತಮಿಳು ಕವರ್ ತೋರಿಸಿದ. ಅಜ್ಜ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಅಕ್ಷರದ ಮೇಲೆ ಬೆರಳಾಡಿಸಿ, ಚಿತ್ರ ಯಾರದೆಂದು ಮಾತ್ರ ಸರಿಯಾಗಿ ಹೇಳಿದ.

ಹೋದ ತಿಂಗಳು ಟೆಕ್ಸ್‌ನ ಹಳೇ ವೈರಿ, ಮಾಟಗಾರ ಮೆಫಿಸ್ತೊನ ಒಂದು ಕಥೆಯ ಸಂಚಿಕೆಗಳು ದಾರ ಕಟ್ಟದೆ ಬಿದ್ದಿದ್ದವು. ತೆಗೆದುಕೊಳ್ಳಲು ಹೋದರೆ ಕೊಡಲಿಲ್ಲ. ನಡುವಿನದು ಒಂದು ಇಲ್ಲ ಅಂದ. ಪರವಾಗಿಲ್ಲ, ಅದನ್ನು ನಾನೇ ಬೇರೆ ಕಡೆ ಹುಡುಕಿಕೊಳ್ಳುತ್ತೇನೆ ಅಂದೆ, ಎರಡರಷ್ಟು ಕೊಡುತ್ತೇನೆ ಅಂತಲೂ ಅಂದೆ. ಬಿಲ್ಲಿನ ಚೂರು ಹರಿದು ನನ್ನ ಫೋನ್ ನಂಬರ್ ಬರೆದುಕೊಂಡು, ಆ ಪುಸ್ತಕಗಳನ್ನು ತಿರುಗಿ ಕ್ರೇಟಿನ ಅಡಿಗೆ ಹಾಕಿದ. ಇನ್ನೂ ಫೋನ್ ಬಂದಿಲ್ಲ. ಈ ಭಾನುವಾರ ಮಳೆ ಅಂತ ಬೇರೆ ತೋರಿಸುತ್ತಿದೆ.