ಬೀದಿ, ಕಂಪನಿ, ಊರು: ದೇಣಿಗೆ ಎತ್ತುವ ಕೆಲಸಕ್ಕೆ ಯಾವ ದಾರಿ?

ಎಂಎಸ್‌ಡಬ್ಲ್ಯೂ ಮುಗಿಸಿದ ಶಿವಮೊಗ್ಗ ಕಡೆಯ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಎನ್‌ಜಿಒಗಳಲ್ಲಿ ದೇಣಿಗೆ ಎತ್ತುವ ಕೆಲಸವನ್ನೇ ವೃತ್ತಿ ಮಾಡಿಕೊಂಡರೆ ಹೇಗೆ, ಸಂಬಳ ಎಷ್ಟು ಅಂತ ಕೇಳುತ್ತಾರೆ. ಸಂಬಳ ಕೇಳುವುದು ಸರಿಯೇ. ಆದರೆ ಇನ್ನೊಂದು ವಿಷಯ ನೋಡಿಕೊಳ್ಳಿ ಅಂತ ನಾನು ಹೇಳುತ್ತೇನೆ. ಒಮ್ಮೆ ದುಡ್ಡು ಕೊಟ್ಟವರು ಮತ್ತೆ ಕೊಡುವ ಹೊತ್ತಿಗೆ ನೀವು ಅವರ ಎದುರಿಗೆ ಇರುತ್ತೀರಾ? ಈ ಕಸುಬು ಕಲಿಯುವುದು ಆ ಎರಡನೇ ಸಲದಲ್ಲಿ.

ನಾನು ಮೂರು ಕಡೆ ದುಡಿದಿದ್ದೇನೆ. ಬೆಂಗಳೂರಿನ ಒಂದು ದೊಡ್ಡ ಸಂಸ್ಥೆಯ ಬೀದಿ ತಂಡ, ಅಲ್ಲೇ ಇನ್ನೊಂದು ಸಂಸ್ಥೆಯಲ್ಲಿ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು) ಪ್ರಪೋಸಲ್ ಬರೆಯುವ ಕೆಲಸ, ಈಗ ಸಾಗರ ತಾಲೂಕಿನಲ್ಲಿ ಹಾಸ್ಟೆಲ್ ನಡೆಸುವ ಒಂದು ಸಣ್ಣ ಟ್ರಸ್ಟ್. ಮೂರಕ್ಕೂ ಫಂಡ್‌ರೈಸಿಂಗ್ ಅಂತಲೇ ಹೆಸರು. ಒಳಗೆ ಹೋದರೆ ಮೂರೂ ಬೇರೆ ಬೇರೆ ಕೆಲಸ.

ಬೀದಿ ತಂಡಕ್ಕೆ ಸೇರುವುದು ಸುಲಭ. ಡಿಗ್ರಿ ಯಾವುದಾದರೂ ನಡೆಯುತ್ತದೆ, ಕನ್ನಡ, ಇಂಗ್ಲಿಷ್, ಚೂರು ಹಿಂದಿ ಬಂದರೆ ಸಾಕು. ಸಂಸ್ಥೆಯ ಟೀ ಶರ್ಟ್ ಹಾಕಿಕೊಂಡು ಮಾಲ್ ಬಾಗಿಲಲ್ಲಿ ನಿಂತು, ಜನರಿಂದ ತಿಂಗಳು ತಿಂಗಳು ಬ್ಯಾಂಕಿನಿಂದ ಕಟ್ ಆಗುವ ಮ್ಯಾಂಡೇಟ್‌ಗೆ ಸಹಿ ಹಾಕಿಸಬೇಕು. ಸಹಿ ಬ್ಯಾಂಕಿನ ದಾಖಲೆಗೆ ಹೊಂದದಿದ್ದರೆ ಆ ಫಾರಂ ವಾಪಸ್, ನಿಮ್ಮ ಲೆಕ್ಕಕ್ಕೆ ಸೊನ್ನೆ. ಮೊದಲ ಕೆಲವು ಕಂತಿನಲ್ಲೇ ನಿಲ್ಲಿಸುವವರೂ ಬಹಳ. ಅಷ್ಟು ಹೊತ್ತಿಗೆ ಆ ದಾನಿ ನಿಮ್ಮ ಕೈಬಿಟ್ಟು ಕಾಲ್ ಸೆಂಟರ್ ಪಾಲಾಗಿರುತ್ತಾರೆ. ಯಾಕೆ ನಿಲ್ಲಿಸಿದರು ಅಂತ ನಿಮಗೆ ಗೊತ್ತೇ ಆಗುವುದಿಲ್ಲ.

ಆದರೂ ಒಂದು ಕಾಲ ಅಲ್ಲಿ ಇರಬೇಕು ಅಂತಲೇ ನನ್ನ ಅಭಿಪ್ರಾಯ. ನಮ್ಮ ಕಡೆಯವರಿಗೆ ಕೇಳುವುದು ಅಂದರೆ ಮುಜುಗರ ಜಾಸ್ತಿ. ಕಾಫಿ ಕುಡಿದು, ಮಳೆ ವಿಷಯ ಮಾತಾಡಿ, ಚಪ್ಪಲಿ ಹಾಕುವಾಗ ‘ನಿಮ್ಗೆ ಅನುಕೂಲ ಆದ್ರೆ ಏನಾದ್ರೂ...’ ಅನ್ನುವವರು ನಾವು. ಎದುರಿಗಿರುವವರನ್ನು ನೋಡಿ ಇಂತಿಷ್ಟು ರೂಪಾಯಿ ಅಂತ ಮೊತ್ತ ಹೇಳಿ ಕೇಳುವುದು, ಕೇಳಿದ ಮೇಲೆ ಸುಮ್ನಿರುವುದು, ಇವೆರಡು ಬೀದಿಯಲ್ಲಿ ಬರುತ್ತವೆ. ಆಮೇಲೆ ಹೊರಡಿ.

ಸಿಎಸ್‌ಆರ್ ಕಡೆ ಸಂಬಳ ಎಲ್ಲಕ್ಕಿಂತ ಚೆನ್ನಾಗಿದೆ. ಕಂಪನಿ ಕಾಯ್ದೆ 2013ರ 135ನೇ ಸೆಕ್ಷನ್ ಪ್ರಕಾರ, 5 ಕೋಟಿ ರೂಪಾಯಿ ನಿವ್ವಳ ಲಾಭ ಇರುವ ಕಂಪನಿಯೂ ಈ ಲೆಕ್ಕಕ್ಕೆ ಬರುತ್ತದೆ. ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟ್ ಸಮಾಜದ ಕೆಲಸಕ್ಕೆ ಹಾಕಬೇಕು. ಹಾಗಾಗಿ ‘ಕೊಡಿ’ ಅಂತ ಒಪ್ಪಿಸುವ ತಾಪತ್ರಯ ಇಲ್ಲ, ‘ನಮಗೇ ಕೊಡಿ’ ಅಂತ ಒಪ್ಪಿಸಬೇಕು, ಅಷ್ಟೇ. ಈ ದುಡ್ಡು ಪಡೆಯುವ ಸಂಸ್ಥೆ ಸರ್ಕಾರದಲ್ಲಿ ಸಿಎಸ್‌ಆರ್-1 ಅನ್ನುವ ನೋಂದಣಿ ಮಾಡಿಸಿರಬೇಕು. ಅಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷ ಪಳಗಿರಬೇಕು. ಬಜೆಟ್ ಹಾಳೆ, ಮೂರು ತಿಂಗಳಿಗೊಂದು ವರದಿ, ಬಳಕೆ ಪ್ರಮಾಣಪತ್ರ, ಲೊಕೇಶನ್ ಬೀಳುವ ಫೋಟೊ, ಇದರಲ್ಲೇ ದಿನ ಕಳೆಯುತ್ತದೆ. ಎಕ್ಸೆಲ್ ಬಂದವರಿಗೆ ಇದು ಹೇಳಿ ಮಾಡಿಸಿದ ಜಾಗ.

ತೊಂದರೆ ಎರಡು. ಕಂಪನಿಗಳು ತಮ್ಮ ಕಾರ್ಖಾನೆ, ಆಫೀಸಿನ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಹೊಸನಗರದ ಶಾಲೆಗೆ ದುಡ್ಡು ಕೇಳಿದರೆ ‘ಅದು ನಮ್ಮ ವ್ಯಾಪ್ತಿ ಅಲ್ಲ’ ಅಂತ ಉತ್ತರ ಬರುತ್ತದೆ. ಇನ್ನೊಂದು, ನಿಮ್ಮ ಜೊತೆ ಚೆನ್ನಾಗಿದ್ದ ಮ್ಯಾನೇಜರ್ ಕೆಲಸ ಬಿಟ್ಟರೆ ಎಲ್ಲ ಮತ್ತೆ ಮೊದಲಿಂದ. ನನ್ನ ಕಣ್ಣೆದುರೇ ಹೀಗೆ ಒಂದು ಒಳ್ಳೆ ಯೋಜನೆ ನಿಂತುಹೋಯಿತು. ಹೊಸದಾಗಿ ಬಂದವರಿಗೆ ಶಿಕ್ಷಣಕ್ಕಿಂತ ಕೆರೆ ಇಷ್ಟವಾಗಿತ್ತು. ಅಲ್ಲಿ ಎರಡನೇ ಸಲದ ದುಡ್ಡು ಬರುತ್ತದೆ, ನಿಜ. ಅದನ್ನು ತಂದಿದ್ದು ನಿಮ್ಮ ಕೆಲಸವೋ ಕಂಪನಿಯ ಆ ವರ್ಷದ ಲಾಭವೋ ಹೇಳುವುದು ಕಷ್ಟ.

ಆನ್‌ಲೈನ್ ಕ್ರೌಡ್‌ಫಂಡಿಂಗ್ ಬಗ್ಗೆಯೂ ಕೇಳುತ್ತಾರೆ. ಒಬ್ಬರ ಆಪರೇಷನ್ನಿಗೆ, ನೆರೆ ಬಂದಾಗ ಅದು ಓಡುತ್ತದೆ. ಹಾಸ್ಟೆಲ್ಲಿನ ಅಕ್ಕಿ ಬಿಲ್ಲಿಗೆ ಓಡುವುದಿಲ್ಲ.

ಇನ್ನು ಊರಿನ ಟ್ರಸ್ಟ್. ಇಲ್ಲಿ ಬೆಂಗಳೂರಲ್ಲಿ ಕಲಿತದ್ದರಲ್ಲಿ ಅರ್ಧ ಉಪಯೋಗಕ್ಕೆ ಬರುವುದಿಲ್ಲ. ದಾನಿಗೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಸೀದಿಯನ್ನೇ ತೆಗೆದುಕೊಳ್ಳಿ. ಪಟ್ಟಣದ ಸಂಬಳದಾರರಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಅದನ್ನು ತೋರಿಸಿ ಕೇಳುತ್ತಿದ್ದೆವು. ಅಡಿಕೆ ಬೆಳೆಗಾರರಿಗೆ ಅದರಿಂದ ಏನು? ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದ ಮೇಷ್ಟ್ರಿಗೂ ಆ ರಿಯಾಯಿತಿ ಸಿಗುವುದಿಲ್ಲ.

ಇಲ್ಲಿ ದುಡ್ಡು ಹೊರಗೆ ಬರುವುದು ಬೇರೆ ಕಾರಣಕ್ಕೆ. ಅಪ್ಪನ ತಿಥಿ ದಿನ ಮಕ್ಕಳಿಗೆ ಪಾಯಸದ ಊಟ ಹಾಕಿಸಬೇಕು, ಅಮ್ಮನ ಹೆಸರಲ್ಲಿ ಒಂದು ದತ್ತಿ ಇಡಬೇಕು. ದೇವಸ್ಥಾನದ ಶಾಶ್ವತ ಪೂಜೆ ಎಲ್ಲರಿಗೂ ಗೊತ್ತು. ಒಂದು ಗಂಟು ಇಟ್ಟರೆ ಅದರ ಬಡ್ಡಿಯಲ್ಲಿ ವರ್ಷ ವರ್ಷ ಪೂಜೆ ನಡೆಯುತ್ತದೆ. ಅದೇ ಲೆಕ್ಕದಲ್ಲಿ ಒಬ್ಬ ಹುಡುಗಿಯ ಹಾಸ್ಟೆಲ್ ಖರ್ಚು ಅಂದರೆ ತಕ್ಷಣ ಅರ್ಥವಾಗುತ್ತದೆ. ಆದರೆ ‘ಇದು ಮೂಲನಿಧಿಗೆ’ ಅಂತ ದಾನಿಯಿಂದ ಬರೆಸಿಕೊಳ್ಳಲೇಬೇಕು. ಇಲ್ಲದಿದ್ದರೆ ಆಡಿಟ್‌ನಲ್ಲಿ ಅದು ಆ ವರ್ಷದ ಸಾಮಾನ್ಯ ದೇಣಿಗೆ ಆಗಿಬಿಡುತ್ತದೆ.

ಕಾಲ ನೋಡಿ ಕೇಳುವುದು ಎಲ್ಲಕ್ಕಿಂತ ದೊಡ್ಡ ವಿದ್ಯೆ. ಹಾಸ್ಟೆಲ್ಲಿಗೆ ದುಡ್ಡು ಬೇಕಾಗುವುದು ಜೂನ್‌ನಲ್ಲಿ, ಶಾಲೆ ಶುರುವಾದಾಗ. ಬೆಳೆಗಾರರು ಆಗ ಕೊಳೆರೋಗಕ್ಕೆ ಬೋರ್ಡೊ ಹೊಡೆಸುವ ಚಿಂತೆಯಲ್ಲಿರುತ್ತಾರೆ. ಕೈಯಲ್ಲಿ ಕಾಸಿರುವುದಿಲ್ಲ. ಅದಕ್ಕೇ ಸುಲಿತ ಮುಗಿದು ಅಡಿಕೆ ಮಾರಿದ ಮೇಲೆ, ಬೇಸಿಗೆಯಲ್ಲಿ ಹೋಗಿ ಜೂನ್‌ನ ಖರ್ಚಿಗೆ ಕೇಳುತ್ತೇವೆ. ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್‌ಕೋಸ್‌ನಲ್ಲಿ ರಾಶಿ ಅಡಿಕೆಗೆ ಇವತ್ತು ಎಷ್ಟಾಯಿತು ಅಂತ ನೋಡದೆ ಯಾರ ಮನೆ ಜಗುಲಿಯನ್ನೂ ಹತ್ತಬೇಡಿ. ಎಲೆಚುಕ್ಕಿ ರೋಗ ಬಿದ್ದ ತೋಟದವರ ಮನೆಗೆ ಹೋದರೂ ಆ ವರ್ಷ ಕೇಳದೆ ಬನ್ನಿ. ಮುಂದಿನ ಸಲ ಅವರೇ ಕರೆಯುತ್ತಾರೆ.

ಎಷ್ಟೋ ಮನೆಯಲ್ಲಿ ಅಪ್ಪ ಅಮ್ಮ ಇಲ್ಲಿ, ಮಗ ಅಮೆರಿಕದಲ್ಲಿ. ‘ಮಗನಿಗೆ ಹೇಳಿ ಹಾಕಿಸ್ತೀನಿ’ ಅಂದರೆ ಖುಷಿಪಡುವ ಮೊದಲು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಟ್ರಸ್ಟ್ ಆ ದುಡ್ಡು ಮುಟ್ಟುವ ಹಾಗಿಲ್ಲ. ಇದನ್ನು ನಯವಾಗಿ ಕೇಳುವುದು ಒಂದು ಕಲೆ. ನನಗೆ ಈಗಲೂ ಪೂರ್ತಿ ಬಂದಿಲ್ಲ.

ಊರಿನ ಟ್ರಸ್ಟಿನಲ್ಲಿ ಎಲ್ಲ ಕೆಲಸವೂ ನಿಮ್ಮ ತಲೆ ಮೇಲೇ. ರಸೀದಿ ಬರೆಯುವವರು, ಫೋನ್ ಮಾಡುವವರು, ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಕೊಡುವ ಫಾರಂ ತುಂಬುವವರು ಎಲ್ಲ ನೀವೇ. ಅದನ್ನು ಗಡುವಿನೊಳಗೆ ಹಾಕದಿದ್ದರೆ ದಿನದ ಲೆಕ್ಕದಲ್ಲಿ ಶುಲ್ಕ ಬೀಳುತ್ತದೆ. ಮೇಲಿನ ಹುದ್ದೆ ಅಂತ ಏನೂ ಇಲ್ಲ, ಸಂಬಳ ಬೆಂಗಳೂರಿನ ಅರ್ಧಕ್ಕೂ ಏಳುವುದಿಲ್ಲ. ಆದರೆ ಯಾರು ಯಾಕೆ ಮತ್ತೆ ಕೊಟ್ಟರು, ಯಾರು ಯಾಕೆ ಬಿಟ್ಟರು ಅನ್ನುವುದು ಒಂದೊಂದೂ ಗೊತ್ತಾಗುತ್ತದೆ.

ಮನೆಯಲ್ಲಿ ಸಾಲ ಇದ್ದರೆ ಸಿಎಸ್‌ಆರ್‌ಗೆ ಹೋಗಿ, ಯೋಚನೆ ಮಾಡಬೇಡಿ. ಹಿಂದೆ ಚೂರು ಆಸರೆ ಇದ್ದರೆ ಬೀದಿ ನೋಡಿಕೊಂಡು ಊರಿಗೆ ಬನ್ನಿ. ಸಣ್ಣ ಟ್ರಸ್ಟಿನವರು ‘ಸಂಬಳ ಕೊಡೋಕಾಗಲ್ಲ, ತಂದಿದ್ರಲ್ಲಿ ಇಷ್ಟು ಪರ್ಸೆಂಟ್ ಇಟ್ಕೊಳ್ಳಿ’ ಅನ್ನಬಹುದು. ಒಪ್ಪಬೇಡಿ. ಇಲ್ಲಿಯ ಅಜ್ಜಂದಿರು ಚೆಕ್ ಬರೆಯುವ ಮೊದಲು ‘ಇದ್ರಲ್ಲಿ ನಿಂಗೆಷ್ಟು?’ ಅಂತ ನೇರವಾಗಿ ಕೇಳುತ್ತಾರೆ. ಕಡಿಮೆಯಾದರೂ ತಿಂಗಳ ಸಂಬಳ ಅಂತಲೇ ಕಾಗದದಲ್ಲಿ ಬರೆಸಿಕೊಂಡು ಸೇರಿ.