ಲಾರ್ಡ್ಸ್ "ವಿಸಿಟ್" ಅಂದರೆ ಗೇಟಿನ ಮುಂದೆ 15 ನಿಮಿಷ! ದುಡ್ಡು ಕಟ್ಟುವ ಮೊದಲು ಓದಿ

ಲಂಡನ್ ಸೇರಿರುವ ಯುರೋಪ್ ಪ್ಯಾಕೇಜ್ ಬುಕ್ ಮಾಡುವವರು, ಅದರಲ್ಲೂ ಮನೆಯಲ್ಲಿ ಕ್ರಿಕೆಟ್ ಹುಚ್ಚಿನವರು ಇದ್ದರೆ, ದಯವಿಟ್ಟು ಪೂರ್ತಿ ಓದಿ. ಇಟಿನರರಿಯಲ್ಲಿ "ಲಾರ್ಡ್ಸ್ ಸ್ಟೇಡಿಯಂ ವಿಸಿಟ್" ಅಂತ ಇದ್ದರೆ ಒಳಗೆ ಕರೆದುಕೊಂಡು ಹೋಗುತ್ತಾರೆ ಅಂದುಕೊಳ್ಳಬೇಡಿ. ನಮ್ಮನ್ನು ಕರೆದುಕೊಂಡು ಹೋಗಲಿಲ್ಲ. ತಲೆಗೆ 6,500 ರೂಪಾಯಿ ಹೆಚ್ಚುವರಿ ಕಟ್ಟಿಸಿಕೊಂಡು, ಗೇಟಿನ ಮುಂದೆ ಬಸ್ಸಿಂದ ಇಳಿಸಿ, 15 ನಿಮಿಷಕ್ಕೆ ವಾಪಸ್ ಹತ್ತಿಸಿದರು.

ಬ್ರೋಷರ್‌ನಲ್ಲಿದ್ದ ಫೋಟೋಗಳು ಯಾವುವು ಗೊತ್ತಾ? ಆಟಗಾರರು ಮೈದಾನಕ್ಕಿಳಿಯುವಾಗ ಹಾದುಹೋಗುವ ಲಾಂಗ್ ರೂಮ್. 1983ರ ಜೂನ್ 25ರಂದು ಕಪಿಲ್ ದೇವ್ ಕಪ್ ಎತ್ತಿಹಿಡಿದ, 2002ರಲ್ಲಿ ಗಂಗೂಲಿ ಅಂಗಿ ಬಿಚ್ಚಿ ಬೀಸಿದ ಪೆವಿಲಿಯನ್ ಬಾಲ್ಕನಿ. ಡ್ರೆಸ್ಸಿಂಗ್ ರೂಮಿನಲ್ಲಿ ಸಾಧಕರ ಹೆಸರು ಬರೆದಿರುವ ಆನರ್ಸ್ ಬೋರ್ಡ್. ಎಲ್ಲವೂ ಒಳಗಿನವೇ, ರಸ್ತೆಯಿಂದ ತೆಗೆದ ಫೋಟೋ ಒಂದೂ ಇರಲಿಲ್ಲ. ಬುಕಿಂಗ್ ಕೌಂಟರಿನಲ್ಲಿ ಆ ಬೋರ್ಡಿನ ಮೇಲೆ ಬೆರಳಿಟ್ಟು "ನಮ್ಮ ದ್ರಾವಿಡ್ ಹೆಸರು ಇಲ್ಲೇ ಇದೆ ಸಾರ್, ಕಣ್ಣಾರೆ ನೋಡ್ತೀರ" ಅಂದರು. ಕಣ್ಣಾರೆ!

ನಿಲ್ಲಿಸಿದ್ದು ಗ್ರೇಸ್ ಗೇಟ್ ಹತ್ತಿರ. ಇಂಗ್ಲೆಂಡಿನ ಹಳೆಯ ಕಾಲದ ಕ್ರಿಕೆಟ್ ದಿಗ್ಗಜ ಡಬ್ಲ್ಯು. ಜಿ. ಗ್ರೇಸ್ ನೆನಪಿಗೆ 1923ರಲ್ಲಿ ಕಟ್ಟಿಸಿದ್ದು. ಗೇಟು ಚೆನ್ನಾಗಿದೆ, ಆದರೆ ಅಲ್ಲಿಂದ ಮೈದಾನದ ಒಂದು ಎಳೆ ಹುಲ್ಲೂ ಕಾಣುವುದಿಲ್ಲ. ಎಲ್ಲರೂ ಗೇಟಿಗೆ ಬೆನ್ನು ಕೊಟ್ಟು ಫೋಟೋ ತೆಗೆಸಿಕೊಂಡು, ಟಿಕೆಟ್ ಯಾವಾಗ ಕೊಡುತ್ತಾರೆ ಅಂತ ಕಾಯುತ್ತಾ ನಿಂತೆವು. ಹಾಗೆ ನಿಂತಿದ್ದಾಗಲೇ ಬೇರೊಂದು ಗುಂಪು ಟೂರ್ ಮುಗಿಸಿಕೊಂಡು ಒಳಗಿನಿಂದ ಮಾತಾಡುತ್ತಾ ಹೊರಗೆ ಬಂತು. ಟೂರ್ ಮ್ಯಾನೇಜರ್ ಗಡಿಯಾರ ನೋಡಿ "ಬನ್ನಿ ಬನ್ನಿ, ಬಸ್ ಹತ್ತಿ" ಅಂದರು. ಒಳಗೆ ಹೋಗುವುದು ಯಾವಾಗ ಅಂತ ಕೇಳಿದರೆ ಬಂದ ಉತ್ತರ: "ಇದೇ ಸಾರ್ ವಿಸಿಟ್. ಆಯ್ತಲ್ಲ." ಆ ಕ್ಷಣ ಮುಖಕ್ಕೆ ಹೊಡೆದ ಹಾಗಾಯಿತು. ಜೊತೆಯಲ್ಲಿದ್ದ ಹಿರಿಯರು "ಅಂದ್ರೆ, ಒಳಗಿಲ್ವಾ?" ಅಂತ ಎರಡೆರಡು ಸಲ ಕೇಳಿದರು.

ಬೆಂಗಳೂರಿಗೆ ಬಂದು ಟೂರ್ ಕಂಪನಿಯ ಆಫೀಸಿಗೆ ಫೋನ್ ಮಾಡಿದಾಗ ಬಂದ ಉತ್ತರಗಳನ್ನು ಗಮನಿಸಿ, ಯಾಕೆಂದರೆ ನಿಮಗೂ ಇವೇ ಬರುತ್ತವೆ. ಮೊದಲನೆಯದು: "ಅವತ್ತು ಮ್ಯಾಚ್ ಇತ್ತು, ಅದಕ್ಕೆ ಬಿಟ್ಟಿಲ್ಲ." ದೊಡ್ಡ ಪಂದ್ಯದ ದಿನ ಟೂರ್ ಇರುವುದಿಲ್ಲ, ಅದು ನಿಜ. ಆದರೆ ಅವತ್ತು ಟೂರ್ ನಡೆಯುತ್ತಿತ್ತು, ಕಣ್ಣೆದುರೇ ಜನ ಹೊರಗೆ ಬಂದರು! ಅದನ್ನು ಹೇಳಿದ ಕೂಡಲೇ ಮಾತು ಬದಲಾಯಿತು: "ವಿಸಿಟ್ ಅಂದ್ರೆ ಹೊರಗಿಂದ ಮೇಡಂ. ಒಳಗಾದ್ರೆ ಎಂಟ್ರೆನ್ಸ್ ಅಂತ ಬರೀತೀವಿ. ಪ್ರತಿ ಪುಟಕ್ಕೂ ಸೈನ್ ಮಾಡಿದ್ದೀರಲ್ಲ." ಹಾಗಾದರೆ 6,500 ಯಾವುದಕ್ಕೆ? "ಅದು ಸ್ಪೋರ್ಟ್ಸ್ ಸಪ್ಲಿಮೆಂಟ್." ಅದರಲ್ಲಿ ಏನೇನು ಸೇರಿದೆ ಅಂತ ನಾಲ್ಕು ಸಲ ಕೇಳಿದರೂ ಹೇಳಲಿಲ್ಲ.

ಸೈನ್ ಮಾಡಿದ್ದು ಹೌದು. ನಾಚಿಕೆ ಆಗುವುದು ಅದಕ್ಕೇ. ಇವರ ಭಾಷೆ ತಿಳಿದುಕೊಳ್ಳಿ: "ಫೋಟೋ ಸ್ಟಾಪ್" ಅಂದರೆ ಇಳಿದು, ಫೋಟೋ ತೆಗೆದು, ಹತ್ತುವುದು. "ಓರಿಯೆಂಟೇಶನ್ ಟೂರ್", "ಪನೋರಮಿಕ್ ಟೂರ್" ಅಂದರೆ ಬಸ್ಸಿನ ಕಿಟಕಿ. "ವಿಸಿಟ್" ಅನ್ನುವ ಪದಕ್ಕೆ ಅವರಿಗೆ ಬೇಕಾದ ಅರ್ಥ. "ಎಂಟ್ರೆನ್ಸ್ ಟಿಕೆಟ್ ಇನ್‌ಕ್ಲೂಡೆಡ್" ಎಂಬ ಮಾತು ಇನ್‌ಕ್ಲೂಷನ್ ಪಟ್ಟಿಯಲ್ಲಿ ಲಾರ್ಡ್ಸ್ ಹೆಸರಿನೊಂದಿಗೆ ಇದ್ದರೆ ಮಾತ್ರ ಒಳಗೆ.

ಒಳಗೆ ಏನಿದೆ ಅಂತ ಗೊತ್ತಿದ್ದವರಿಗೇ ಹೊಟ್ಟೆ ಉರಿಯುವುದು. ಗೈಡ್ ಜೊತೆಗಿನ ಟೂರ್ ಸುಮಾರು ಒಂದೂವರೆ ಗಂಟೆ. ಮ್ಯೂಸಿಯಂನಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಆ್ಯಶಸ್ ಕುಡಿಕೆ (ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿಗೆ ಹೆಸರು ಕೊಟ್ಟದ್ದು), 1936ರಲ್ಲಿ ಬೌಲರ್ ಜಹಾಂಗೀರ್ ಖಾನ್ ಎಸೆದ ಚೆಂಡು ತಗುಲಿ ಸತ್ತ, ಈಗ ಸ್ಟಫ್ ಮಾಡಿಟ್ಟಿರುವ ಗುಬ್ಬಚ್ಚಿ. ಮೈದಾನ ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು 8 ಅಡಿ ಇಳಿಜಾರು. ಅಲ್ಲಿ ಚೆಂಡು ಯಾಕೆ ಹಾಗೆ ತಿರುಗುತ್ತದೆ ಎಂಬುದು ಒಳಗೆ ನಿಂತು ನೋಡಿದಾಗಲೇ ಅರ್ಥವಾಗುವುದು. ಆಮೇಲೆ ಆ ಬೋರ್ಡು. ಟೆಸ್ಟ್ ಶತಕ, ಇನಿಂಗ್ಸಿನಲ್ಲಿ 5 ವಿಕೆಟ್, ಪಂದ್ಯದಲ್ಲಿ 10 ವಿಕೆಟ್ ಪಡೆದವರ ಪಟ್ಟಿ. ಅದರಲ್ಲಿ ನಮ್ಮ ಕರ್ನಾಟಕದವರು: 1967ರ ಚಂದ್ರಶೇಖರ್, 1979ರ ವಿಶ್ವನಾಥ್, 1996ರ ವೆಂಕಟೇಶ್ ಪ್ರಸಾದ್, 2021 ಮತ್ತು 2025ರ ಕೆ. ಎಲ್. ರಾಹುಲ್. 1996ರಲ್ಲಿ ಚೊಚ್ಚಲ ಟೆಸ್ಟ್‌ನಲ್ಲೇ 95ಕ್ಕೆ ಔಟಾದ ದ್ರಾವಿಡ್, ಆ ಬೋರ್ಡಿಗೆ ಏರಲು 2011ರವರೆಗೆ ಕಾಯಬೇಕಾಯಿತು. ಕನ್ನಡಿಗರಿಗೆ ಆ ಗೋಡೆ ಎಂದರೆ ಸುಮ್ಮನೆ ಗೋಡೆಯಲ್ಲ. ಅದನ್ನೇ ತೋರಿಸಿ ದುಡ್ಡು ಕಿತ್ತರು.

ಇನ್ನೂ ಸಿಟ್ಟು ಬರಿಸುವ ವಿಷಯ ಕೇಳಿ. ಅದೇ ದಿನ ಮೇಣದ ಗೊಂಬೆಗಳ ಮ್ಯೂಸಿಯಂ ಮೇಡಂ ಟುಸ್ಸಾಡ್ಸ್‌ಗೆ ಎರಡೂವರೆ ಗಂಟೆ ಕೊಟ್ಟಿದ್ದರು. ಅದು ಬೇಕರ್ ಸ್ಟ್ರೀಟ್ ಸ್ಟೇಷನ್ ಪಕ್ಕದಲ್ಲೇ ಇದೆ. ಅಲ್ಲಿಂದ ಲಂಡನ್ ಮೆಟ್ರೋದ ಜುಬಿಲಿ ಲೈನ್‌ನಲ್ಲಿ ಮುಂದಿನ ಸ್ಟೇಷನ್ನೇ ಸೇಂಟ್ ಜಾನ್ಸ್ ವುಡ್, ಇಳಿದು ಹತ್ತು ನಿಮಿಷ ನಡೆದರೆ ಲಾರ್ಡ್ಸ್. ಒಂದೇ ಸ್ಟೇಷನ್ ದೂರ! ಮೇಣದ ಗೊಂಬೆ ಬಿಟ್ಟು ಸ್ವಂತವಾಗಿ ಹೋಗಿದ್ದರೂ ಆಗುತ್ತಿತ್ತು. ಲಂಡನ್ ಐ ಕಡೆ ಬಿಟ್ಟರೂ ವೆಸ್ಟ್‌ಮಿನ್‌ಸ್ಟರ್‌ನಿಂದ ಅದೇ ಲೈನ್‌ನಲ್ಲಿ ನಾಲ್ಕನೇ ಸ್ಟೇಷನ್. ಟಿಕೆಟ್ ಮಾತ್ರ ಲಾರ್ಡ್ಸ್‌ನ ಸ್ವಂತ ವೆಬ್‌ಸೈಟಿನಲ್ಲೇ ದಿನ, ಸಮಯ ನೋಡಿ ಮುಂಚೆಯೇ ತೆಗೆಯಿರಿ. ಬೇಸಿಗೆಯಲ್ಲಿ ಪಂದ್ಯಗಳು ಜಾಸ್ತಿ, ಎಷ್ಟೋ ದಿನ ಟೂರ್ ಇರುವುದಿಲ್ಲ.

ಪ್ಯಾಕೇಜಿನಲ್ಲೇ ಹೋಗುವುದಾದರೆ ಟಿಕೆಟ್ ವೋಚರ್ ಕೇಳಿ: ತಾರೀಕು, ಟೂರ್ ಶುರುವಾಗುವ ಸಮಯ, ಎಷ್ಟು ಜನ. "ಹೋದ ಮೇಲೆ ಸಿಗುತ್ತೆ" ಅಂದರೆ ಸಿಗುವುದಿಲ್ಲ ಅಂತಲೇ ತಿಳಿಯಿರಿ. ಆ ದಿನದ ಪಟ್ಟಿಯನ್ನೂ ನೀವೇ ಕೂಡಿ ನೋಡಿ. ಲಂಡನ್ ಐ, ಮೇಡಂ ಟುಸ್ಸಾಡ್ಸ್, ಅರಮನೆ, ಲಾರ್ಡ್ಸ್, ಸಂಜೆ ಇಂಡಿಯನ್ ಡಿನ್ನರ್ ಅಂತ ಒಂದೇ ದಿನಕ್ಕೆ ತುರುಕಿದ್ದರೆ ಒಂದೂವರೆ ಗಂಟೆ ಎಲ್ಲಿಂದ ಬರಬೇಕು? ನಾವು ಕೂಡಿ ನೋಡಲಿಲ್ಲ.

ಕೌಂಟರಿನಲ್ಲಿ ಹೇಳಿದ ಮಾತಿಗೆ ಬೆಲೆ ಇಲ್ಲ, ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಬ್ರೋಷರ್ ಎಸೆಯಬೇಡಿ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಡುವಾಗ ಅದೇ ಸಾಕ್ಷಿ. ದೂರು ಕೊಟ್ಟ ವಾರದೊಳಗೆ ಟೂರ್ ಕಂಪನಿಯಿಂದ 2,000 ರೂಪಾಯಿಯ ಕೂಪನ್ ಬಂತು, ಮುಂದಿನ ಟೂರಿಗೆ ಮಾತ್ರ ನಡೆಯುತ್ತದಂತೆ. ಕೆಳಗೆ ಸಣ್ಣಕ್ಷರದಲ್ಲಿ, ಇದನ್ನು ಒಪ್ಪಿದರೆ ತಕರಾರು ಪೂರ್ತಿ ಇತ್ಯರ್ಥವಾದಂತೆ ಅಂತ ಒಂದು ಸಾಲು. ಈ ಸಲ ಸಣ್ಣಕ್ಷರ ಓದಿದೆವು. ಸೈನ್ ಮಾಡಿಲ್ಲ.