ಮಾತು ನಿಲ್ಲುವ ಮುನ್ನ ದನಿ ಎತ್ತಿಡುವುದು: ಐಫೋನ್‌ನ ‘ಪರ್ಸನಲ್ ವಾಯ್ಸ್’ ಎಷ್ಟು ಕೆಲಸಕ್ಕೆ ಬರುತ್ತದೆ?

ಎಎಲ್‌ಎಸ್ ಎಂಬ ನರರೋಗ ಬಂದವರಲ್ಲಿ ಸುಮಾರು ಕಾಲುಭಾಗದಷ್ಟು ಜನಕ್ಕೆ ಕಾಯಿಲೆ ಶುರುವಾಗುವುದೇ ನಾಲಿಗೆ, ಗಂಟಲಿನಿಂದ. ಮೊದಲು ಮಾತು ತೊದಲುತ್ತದೆ. ಉಳಿದವರಲ್ಲೂ ಹೆಚ್ಚಿನವರ ಮಾತು ಕ್ರಮೇಣ ಅಸ್ಪಷ್ಟವಾಗುತ್ತ ಹೋಗುತ್ತದೆ. ಕ್ಯಾನ್ಸರ್‌ನಿಂದಾಗಿ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕಾದವರಿಗಂತೂ ಆಪರೇಷನ್ ದಿನವೇ ಹಳೆಯ ದನಿಯ ಕೊನೆಯ ದಿನ. ಇಂಥವರಿಗಾಗಿ ಆ್ಯಪಲ್ 2023ರಲ್ಲಿ ಐಫೋನ್‌ನ ತಂತ್ರಾಂಶವಾದ ಐಒಎಸ್ 17ರ ಜೊತೆ ಕೊಟ್ಟ ಸೌಲಭ್ಯ ‘ಪರ್ಸನಲ್ ವಾಯ್ಸ್’: ಅದು ನಿಮ್ಮ ದನಿಯನ್ನು ಕಲಿತು, ಟೈಪ್ ಮಾಡಿದ್ದನ್ನು ಆ ದನಿಯಲ್ಲೇ ನುಡಿಯುತ್ತದೆ. ಐಫೋನ್ 12 ಅಥವಾ ಅದಕ್ಕಿಂತ ಹೊಸ ಫೋನ್ ಇದ್ದರೆ ಬೇರೆ ದುಡ್ಡು ಕೊಡಬೇಕಿಲ್ಲ.

ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿ ತೆರೆದರೆ ‘ಪರ್ಸನಲ್ ವಾಯ್ಸ್’ ಸಿಗುತ್ತದೆ. ಪರದೆಯಲ್ಲಿ ಒಂದೊಂದಾಗಿ ಮೂಡುವ ವಾಕ್ಯಗಳನ್ನು ಗಟ್ಟಿಯಾಗಿ ಓದಬೇಕು. ಮೊದಲ ಆವೃತ್ತಿಯಲ್ಲಿ 150 ವಾಕ್ಯ, ಅಂದರೆ ಸುಮಾರು 15 ನಿಮಿಷದ ಧ್ವನಿಮುದ್ರಣ ಬೇಕಿತ್ತು. ಫೋನನ್ನು ಲಾಕ್ ಮಾಡಿ ರಾತ್ರಿಯಿಡೀ ಚಾರ್ಜಿಗೆ ಹಾಕಿಟ್ಟರೆ ದನಿ ಫೋನಿನೊಳಗೇ ತಯಾರಾಗುತ್ತಿತ್ತು. ಐಒಎಸ್ 26ರಲ್ಲಿ 10 ವಾಕ್ಯ ಸಾಕು, ಒಂದು ನಿಮಿಷದೊಳಗೆ ದನಿ ಸಿದ್ಧ. ಬೇಗ ದಣಿಯುವ ರೋಗಿಗೆ ಇದು ದೊಡ್ಡ ಉಪಕಾರ. ಬಳಸುವುದು ‘ಲೈವ್ ಸ್ಪೀಚ್’ ಮೂಲಕ. ಪಕ್ಕದ ಗುಂಡಿಯನ್ನು ಮೂರು ಸಲ ಒತ್ತಿ ಟೈಪ್ ಮಾಡಿದರೆ ಫೋನ್ ಕರೆಯಲ್ಲೂ ಎದುರಿನವರ ಮುಂದೆಯೂ ನಿಮ್ಮ ದನಿಯಲ್ಲೇ ಮಾತಾಡುತ್ತದೆ.

ಕೆಡುವುದು ಹೆಚ್ಚಾಗಿ ಧ್ವನಿಮುದ್ರಣದ ಹಂತದಲ್ಲೇ. ಫ್ಯಾನ್, ಫ್ರಿಜ್‌ಗಳ ಸದ್ದಿದ್ದರೆ ತಯಾರಾದ ದನಿಯಲ್ಲಿ ಒಂದು ಗೊರಗೊರ ಉಳಿದುಬಿಡುತ್ತದೆ. ಖಾಲಿ ಗೋಡೆಗಳ ಕೋಣೆಯಾದರೆ ಪ್ರತಿಧ್ವನಿಯೂ ಸೇರಿಕೊಳ್ಳುತ್ತದೆ. ಬಟ್ಟೆ, ಹಾಸಿಗೆ ಇರುವ ಮಲಗುವ ಕೋಣೆ ಒಳ್ಳೆಯದು. ಫೋನ್ ಬಾಯಿಂದ ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿರಲಿ. ಕೊನೆಯವರೆಗೂ ಅದೇ ಜಾಗ, ಅದೇ ದೂರ. ಬೆಳಿಗ್ಗೆ ಗಂಟಲು ತಿಳಿಯಾಗಿರುವಾಗ ಓದಿ. ಪಾಠ ಒಪ್ಪಿಸುವ ಹಾಗೆ ಓದಿದರೆ ಮುಂದೆ ಆ ದನಿ ಎಲ್ಲವನ್ನೂ ಪಾಠ ಒಪ್ಪಿಸುವ ಹಾಗೆಯೇ ಹೇಳುತ್ತದೆ, ಹಾಗಾಗಿ ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಅವರಿಗೆ ಹೇಳುವಂತೆ ಓದುವುದು ಮೇಲು. ಎಲ್ಲಕ್ಕಿಂತ ದೊಡ್ಡ ತಪ್ಪು ತಡಮಾಡುವುದು. ತೊದಲು ಶುರುವಾದ ಮೇಲೆ ಓದಿದರೆ ಯಂತ್ರ ಆ ತೊದಲನ್ನೂ ಕಲಿಯುತ್ತದೆ. ರೋಗ ಖಚಿತವಾದ ವಾರವೇ ಈ ಕೆಲಸ ಮುಗಿಸಬೇಕು.

ಮೂಲ ಮುದ್ರಣಗಳನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಟ್ಟುಕೊಳ್ಳಿ. ಈ ಹೆಜ್ಜೆಯನ್ನು ಬಹಳ ಜನ ಮರೆಯುತ್ತಾರೆ. ನಾಳೆ ಇದಕ್ಕಿಂತ ಒಳ್ಳೆಯ ತಂತ್ರಜ್ಞಾನ ಬಂದಾಗ ಕೆಲಸಕ್ಕೆ ಬರುವುದು ಆ ಕಡತಗಳೇ.

ಇನ್ನು ಫಲಿತಾಂಶ. ದನಿಯ ಬಣ್ಣ ಚೆನ್ನಾಗಿಯೇ ಬರುತ್ತದೆ, ಮನೆಯವರು ಕೇಳಿದ ಕೂಡಲೇ ಗುರುತು ಹಿಡಿಯುತ್ತಾರೆ. ಆದರೆ ಏರಿಳಿತ ಸಪ್ಪೆ. ಪ್ರಶ್ನೆ, ಛೇಡಿಕೆ, ಹುಸಿಕೋಪ ಎಲ್ಲವೂ ಹೆಚ್ಚುಕಡಿಮೆ ಒಂದೇ ರಾಗದಲ್ಲಿ ಬರುತ್ತವೆ. ನಗು ಬರುವುದೇ ಇಲ್ಲ. ಕನ್ನಡ ಓದುಗರಿಗೆ ಇನ್ನೂ ದೊಡ್ಡ ಕೊರತೆಯೊಂದಿದೆ: ಇಂಗ್ಲಿಷ್, ಮ್ಯಾಂಡರಿನ್, ಸ್ಪ್ಯಾನಿಷ್‌ನಂಥ ಬೆರಳೆಣಿಕೆಯ ಭಾಷೆಗಳಿಗಷ್ಟೇ ಈ ಸೌಲಭ್ಯ, ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಇಂಗ್ಲಿಷ್‌ನಲ್ಲಿ ತಯಾರಿಸಿದ ದನಿಯಿಂದ ಕನ್ನಡ ಓದಿಸಲು ಹೋದರೆ ಸರಿಯಾಗಿ ಬರುವುದಿಲ್ಲ.

ಎಲ್ಲ ಭಾಷೆಗಳಲ್ಲೂ ಕಾಡುವ ತೊಂದರೆಯೆಂದರೆ ಸಮಯ. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವುದಕ್ಕೆ ಸರಾಸರಿ 200 ಮಿಲಿಸೆಕೆಂಡಿನಷ್ಟು ಅಂತರ ಇರುತ್ತದೆ. ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿತು. ನಾವು ಮಾತಾಡುವುದು ನಿಮಿಷಕ್ಕೆ ಸುಮಾರು 150 ಪದ. ಕೈ ಆಡದವರು ಕಣ್ಣೋಟದಿಂದ ಅಕ್ಷರ ಆರಿಸಿ ಟೈಪ್ ಮಾಡುವಾಗ 10ರಿಂದ 20 ಪದ ಆದರೆ ಹೆಚ್ಚು. ಉತ್ತರ ತಯಾರಾಗುವ ಹೊತ್ತಿಗೆ ಮಾತು ಬೇರೆ ಕಡೆ ಹೊರಟುಹೋಗಿರುತ್ತದೆ. ದನಿ ಎಷ್ಟೇ ಸಹಜವಾಗಿದ್ದರೂ ಸರದಿ ತಪ್ಪಿದ ಮನುಷ್ಯನನ್ನು ಸುತ್ತಲಿನವರು ನಿಧಾನವಾಗಿ ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಹೋಲಿಕೆಗೆ ಸ್ಟೀಫನ್ ಹಾಕಿಂಗ್ ಅವರನ್ನು ನೋಡಿ. 1985ರಲ್ಲಿ ಶ್ವಾಸನಾಳದ ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಂಡ ಅವರಿಗೆ ಸಿಕ್ಕ ಯಂತ್ರದ ದನಿಗೆ ಮೂಲ, ಡೆನಿಸ್ ಕ್ಲಾಟ್ ಎಂಬ ವಿಜ್ಞಾನಿಯ ಸ್ವಂತ ದನಿ. ಮುಂದೆ ಅದಕ್ಕಿಂತ ಸಹಜವಾದ ದನಿಗಳು ಬಂದರೂ ಹಾಕಿಂಗ್ ಅದನ್ನು ಬಿಟ್ಟುಕೊಡಲಿಲ್ಲ. ಎರವಲು ದನಿಯೂ ತನ್ನದಾಗಬಲ್ಲದು, ಆಡುವ ಮಾತು ತನ್ನದಾಗಿದ್ದರೆ ಮತ್ತು ಕೇಳುವವರು ಕಾದರೆ.

ಆದ್ದರಿಂದ ಪರ್ಸನಲ್ ವಾಯ್ಸ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಬಾಸ್ಟನ್ ಮಕ್ಕಳ ಆಸ್ಪತ್ರೆಯ ವಾಕ್‌ಚಿಕಿತ್ಸಕ ಜಾನ್ ಕಾಸ್ಟೆಲೊ ರೂಪಿಸಿದ ‘ಮೆಸೇಜ್ ಬ್ಯಾಂಕಿಂಗ್’ ಜೊತೆಗಿರಲೇಬೇಕು. ಇದರಲ್ಲಿ ಯಂತ್ರ ದನಿ ತಯಾರಿಸುವುದಿಲ್ಲ. ನೀವು ನಿಜವಾಗಿ ಆಡಿದ ಮಾತನ್ನೇ ತುಣುಕು ತುಣುಕಾಗಿ ಮುದ್ರಿಸಿ, ಸಂವಹನ ಆ್ಯಪ್‌ನ ಗುಂಡಿಗಳಿಗೆ ಜೋಡಿಸುವುದು. ಭಾಷೆಯ ಹಂಗಿಲ್ಲ, ಕನ್ನಡದವರಿಗೆ ಮೊದಲ ದಾರಿಯೇ ಇದು. ಐಫೋನ್‌ನ ಧ್ವನಿಮುದ್ರಣ ಆ್ಯಪ್ ‘ವಾಯ್ಸ್ ಮೆಮೊಸ್’ನ ಗುಣಮಟ್ಟವನ್ನು ‘ಲಾಸ್‌ಲೆಸ್’ಗೆ (ದನಿಯ ವಿವರ ಕಳೆದುಹೋಗದಂತೆ ಉಳಿಸುವ ಆಯ್ಕೆ) ಹಾಕಿ, ಬೇರೆ ಆ್ಯಪ್ ಆದರೆ 44.1 ಕಿಲೊಹರ್ಟ್ಸ್, 16 ಬಿಟ್, ವೇವ್ ಕಡತ. ಒಂದು ಮಾತಿಗೆ ಒಂದು ಕಡತ, ಹಿಂದೆ ಮುಂದೆ ಅರ್ಧ ಸೆಕೆಂಡಿನ ಮೌನ, ಕಡತಕ್ಕೆ ಆ ಮಾತಿನದೇ ಹೆಸರು. ‘ನೀರು ಬೇಕು’ ಎಂಬಂಥದ್ದಕ್ಕೆ ಶ್ರಮ ಹಾಕಬೇಡಿ, ಅದನ್ನು ಯಾವ ದನಿಯಲ್ಲಿ ಹೇಳಿದರೂ ನೀರು ಬರುತ್ತದೆ. ಮಕ್ಕಳನ್ನು ಕೂಗುವ ರೀತಿ, ಮನೆಯೊಳಗಿನ ಅಡ್ಡಹೆಸರುಗಳು, ‘ಹ್ಞೂಂ’, ‘ಅಯ್ಯೋ ಬಿಡು’, ‘ಸುಮ್ನಿರೋ’, ‘ಹೌದೇನೇ?’, ಗದರುವುದು, ನಿಟ್ಟುಸಿರು, ಮುಖ್ಯವಾಗಿ ನಗು: ಇವನ್ನು ಮುದ್ರಿಸಿ. ನಗುವನ್ನು ಕೇಳಿ ಪಡೆಯಲಾಗುವುದಿಲ್ಲ, ಮನೆಮಂದಿ ಹರಟುವಾಗ ರೆಕಾರ್ಡರ್ ಓಡುತ್ತಿರಲಿ. ಒಂದೇ ಗುಂಡಿ ಒತ್ತಿದರೆ ಬರುವ ಈ ತುಣುಕುಗಳು ಸರದಿಯ ತೊಂದರೆಯನ್ನೂ ಒಂದಿಷ್ಟು ಕಡಿಮೆ ಮಾಡುತ್ತವೆ. ಸರಿಯಾದ ಹೊತ್ತಿಗೆ ಬಿದ್ದ ಒಂದು ‘ಹ್ಞೂಂ’, ಐದು ನಿಮಿಷ ಕೂತು ಟೈಪ್ ಮಾಡಿದ ವಾಕ್ಯಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ವೇಗಕ್ಕೆ ಇನ್ನೊಂದು ದಾರಿ ಭಾಷಾ ಮಾದರಿಗಳು, ಅಂದರೆ ಮುಂದಿನ ಪದಗಳನ್ನು ಊಹಿಸುವ ಎಐ. ಗೂಗಲ್ ಸಂಶೋಧಕರ ‘ಸ್ಪೀಕ್‌ಫಾಸ್ಟರ್’ ಪ್ರಯೋಗದಲ್ಲಿ ಬಳಕೆದಾರರು ಪದಗಳ ಮೊದಲ ಅಕ್ಷರಗಳನ್ನಷ್ಟೇ ಕೊಟ್ಟರೆ ಯಂತ್ರ ಪೂರ್ತಿ ವಾಕ್ಯ ಊಹಿಸುತ್ತದೆ. ಕಣ್ಣೋಟದ ಟೈಪಿಂಗ್ ಇದರಿಂದ ಶೇ. 29ರಿಂದ 60ರಷ್ಟು ವೇಗವಾಯಿತು. ಇಲ್ಲಿ ಎಚ್ಚರ ಬೇಕು. ಅಕ್ಷರ ಕೊಟ್ಟು ಬಿಡಿಸುವುದು ಒಂದು, ಎದುರಿನವರ ಪ್ರಶ್ನೆ ಕೇಳಿ ಯಂತ್ರವೇ ಮೂರು ಉತ್ತರ ಮುಂದಿಡುವುದು ಇನ್ನೊಂದು. ದಣಿದವರು ಹೇಳಬೇಕಾದ್ದನ್ನು ಬಿಟ್ಟು ಹತ್ತಿರದ ಉತ್ತರವನ್ನು ಒತ್ತಿಬಿಡುತ್ತಾರೆ. ಆಗ ದನಿ ಅವರದು, ಮಾತು ಮಾತ್ರ ಸರಾಸರಿ ಮನುಷ್ಯನದು. ಇಂಥ ಆ್ಯಪ್ ಕೊಳ್ಳುವ ಮುನ್ನ, ಉತ್ತರ ಸೂಚಿಸುವುದನ್ನು ಪೂರ್ತಿ ಆಫ್ ಮಾಡಬಹುದೇ ಎಂದು ನೋಡಿ. ಆಗದಿದ್ದರೆ ಬೇಡ.

ಮಿದುಳಿನಲ್ಲಿ ಎಲೆಕ್ಟ್ರೋಡ್ ಇಟ್ಟು ಮಾತು ಓದುವ ಸಂಶೋಧನೆ ಬೇಗ ಮುಂದೆ ಸಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ತಂಡ 2024ರಲ್ಲಿ 256 ಎಲೆಕ್ಟ್ರೋಡ್‌ಗಳಿಂದ ಎಎಲ್‌ಎಸ್ ರೋಗಿಯೊಬ್ಬರ ಮಾತನ್ನು ಶೇ. 97ರಷ್ಟು ನಿಖರವಾಗಿ ಪಠ್ಯವಾಗಿಸಿ, ಅವರ ಹಳೆಯ ದನಿಯಲ್ಲೇ ನುಡಿಸಿತು. ಮರುವರ್ಷ ಅದೇ ತಂಡ ಪಠ್ಯದ ಹಂತವನ್ನೇ ಬಿಟ್ಟು ದನಿಯನ್ನು ನೇರವಾಗಿ, ಕಿವಿಗೆ ತಡವೆನಿಸದಷ್ಟು ಬೇಗ ಹೊರಡಿಸಿತು. ಪ್ರಶ್ನೆಯ ಏರುದನಿಯೂ ಅದರಲ್ಲಿತ್ತು. ಇದು ಇನ್ನೂ ಪ್ರಯೋಗಾಲಯದ ಮಾತು, ಕೊಳ್ಳಲು ಸಿಗುವುದಿಲ್ಲ. ಆದರೆ ಅಲ್ಲೂ ಹಳೆಯ ದನಿಯನ್ನು ಕಟ್ಟಲು ಕಾಯಿಲೆಗೆ ಮುಂಚಿನ ಮುದ್ರಣಗಳೇ ಬೇಕಾದವು.

ಕೊನೆಗೆ ಬರವಣಿಗೆಯಲ್ಲಿ ಆಗಬೇಕಾದ ಒಂದು ಕೆಲಸ ಇದೆ. ಈ ದನಿಯಲ್ಲಿ ಯಾರು ಟೈಪ್ ಮಾಡಬಹುದು, ದನಿಯ ಒಡೆಯರು ತೀರಿಕೊಂಡ ಮೇಲೆ ಅದನ್ನು ಅಳಿಸಬೇಕೇ ಉಳಿಸಬೇಕೇ, ಉಳಿಸಿದರೆ ಹಳೆಯ ತುಣುಕುಗಳನ್ನು ಕೇಳುವುದಕ್ಕೆ ಮಾತ್ರವೇ ಅಥವಾ ಹೊಸ ವಾಕ್ಯ ಆಡಿಸಲೂ ಒಪ್ಪಿಗೆಯಿದೆಯೇ? ಇದನ್ನು ಅವರಿಂದಲೇ ಕೇಳಿ ಬರೆಸಿಕೊಳ್ಳಿ. ಫೋನಿನ ಪಾಸ್‌ಕೋಡ್ ಗೊತ್ತಿರುವ ಯಾರು ಬೇಕಾದರೂ ಆ ದನಿಯಲ್ಲಿ ಏನು ಬೇಕಾದರೂ ಹೇಳಿಸಬಹುದು, ಹಾಗಾಗಿ ಪಾಸ್‌ಕೋಡ್ ಯಾರಿಗೆ ಕೊಡಬೇಕೆಂಬುದನ್ನೂ ಅದೇ ಕಾಗದದಲ್ಲಿ ಸೇರಿಸಿ.